ನುನ್ ಶಿಖರಕ್ಕೆ ಗೈಡ್ ಜೊತೆ ಹೋಗುವ ಮುಂಚೆ

ಲಡಾಖ್‌ನ ಸುರು ಕಣಿವೆಯ ಪಕ್ಕದ ನುನ್ 7,135 ಮೀಟರ್ ಎತ್ತರ. ಬರೀ ಟ್ರೆಕಿಂಗ್ ಅನುಭವ ಸಾಲದು. ಮೊದಲು ಉತ್ತರಕಾಶಿಯಲ್ಲೋ ಡಾರ್ಜಿಲಿಂಗ್‌ನಲ್ಲೋ ಪರ್ವತಾರೋಹಣದ ಬೇಸಿಕ್ ಕೋರ್ಸ್ ಮಾಡಿ, ಆಮೇಲೆ ಒಂದಾದರೂ 6,000 ಮೀಟರ್ ಶಿಖರ ಹತ್ತಿ, ಅಲ್ಲಿನ ತೆಳು ಗಾಳಿಗೆ ನಿಮ್ಮ ಮೈ ಹೇಗೆ ಒಗ್ಗುತ್ತದೆ ಅಂತ ನೋಡಿಕೊಳ್ಳಿ.

ದುಡ್ಡು ಕಟ್ಟುವ ಮುಂಚೆ ಕೇಳಿ: ಐಎಂಎಫ್ (ಭಾರತೀಯ ಪರ್ವತಾರೋಹಣ ಪ್ರತಿಷ್ಠಾನ) ಪರ್ಮಿಟ್ ಆಗಿದೆಯಾ, ಒಬ್ಬ ಗೈಡ್‌ಗೆ ಎಷ್ಟು ಜನ, ಹವಾಮಾನ ಕೆಟ್ಟರೆ ಕಾಯಲು ಎಷ್ಟು ದಿನ ಇಟ್ಟಿದ್ದಾರೆ. ದಿನ ಕಡಿಮೆ ಮಾಡಿ ರೇಟ್ ಇಳಿಸುವವರ ಜೊತೆ ಹೋಗಲೇಬೇಡಿ.

ಹಗ್ಗಕ್ಕೆ ಜುಮಾರ್ (ಹಗ್ಗದ ಮೇಲೆ ಮೇಲಕ್ಕೆ ಮಾತ್ರ ಜಾರುವ, ಕೆಳಕ್ಕೆ ಜಾರದ ಹಿಡಿಕೆ) ಹಾಕೋದು, ತೆಗೆಯೋದು ಎರಡನ್ನೂ ದಪ್ಪ ಗ್ಲೌಸ್ ತೊಟ್ಟುಕೊಂಡೇ ಮನೆಯಲ್ಲಿ ಅಭ್ಯಾಸ ಮಾಡಿ, ಯಾಕಂದ್ರೆ ಮೇಲೆ ಗ್ಲೌಸ್ ಬಿಚ್ಚಿದರೆ ಬೆರಳು ಬೇಗ ಮರಗಟ್ಟುತ್ತದೆ. ತಲೆನೋವು, ವಾಂತಿ ಬಂದರೆ ಸುಮ್ನೆ ಮುಚ್ಚಿಡಬೇಡಿ. ಗೈಡ್ ವಾಪಸ್ ಅಂದರೆ ವಾದ ಮಾಡದೆ ಇಳಿಯಿರಿ.