ಊರು ಬಿಟ್ಟು ಬಂದು ಸರ್ಕಾರಿ ನೌಕರಿ ಮಾಡಿದ ಅಪ್ಪನ ಬದುಕು ಬರೆದಿಡೋದು ಹೇಗೆ
ನಮ್ಮಪ್ಪ ಗೋವಾದಿಂದ ಬಂದು ಕಾರವಾರದಲ್ಲೇ ಗುಮಾಸ್ತರಾಗಿ ರಿಟೈರ್ ಆದವ್ರು, ಅವ್ರು ಹೋದ್ಮೇಲೆ ಬರೆಯೋಕೆ ಕೂತಾಗ ಕಲ್ತಿದ್ದು ಇದು. ಮೊದ್ಲು ಪೆನ್ಶನ್, ಟ್ರಾನ್ಸ್‌ಫರ್ ಆರ್ಡರ್ ಎಲ್ಲಾ ಫೋಟೋ ತೆಗ್ದಿಡಿ, ನಮ್ ಕಡೆ ಮಳೆಗಾಲ್ದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯತ್ತೆ.

ಹಿರಿಯರ ಹತ್ರ ಇಸವಿ ಕೇಳ್ಬೇಡಿ, ನೆನಪಿರಲ್ಲ. 1956ರ ನವೆಂಬರ್ 1ಕ್ಕೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರ್ತಲ್ಲ, ಅದಕ್ಕಿಂತ ಮೊದ್ಲಾ ಆಮೇಲಾ, 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆ ಆದಾಗ ಎಲ್ಲಿದ್ರು, ಕಾಳಿ ನದಿಗೆ ಸೇತುವೆ ಇಲ್ದಾಗ ಆಚೆ ದಡದ ಸದಾಶಿವಗಡಕ್ಕೆ ಹೇಗೆ ದಾಟ್ತಿದ್ರು ಅಂತ ಕೇಳಿ, ಮಾತು ತಾನಾಗೇ ಬರತ್ತೆ. ಕೊಂಕಣಿಲಿ ಹೇಳಿದ್ದನ್ನ ಕೊಂಕಣಿಲೇ ರೆಕಾರ್ಡ್ ಮಾಡಿ.

ಆಫೀಸಿಗೆ ಬರ್ತಿದ್ದ ಜನ್ರನ್ನ ಮರೀಬೇಡಿ. ಅಪ್ಪನ ಬಗ್ಗೆ ನಂಗೆ ಸಿಕ್ಕ ಅತಿ ಚಂದದ ಮಾತು ಮೀನು ಮಾರೋ ಅಜ್ಜಿದು, ಅಕ್ಷರ ಬರದ ಅವ್ರ ಪೆನ್ಶನ್ ಅರ್ಜಿನ ಅಪ್ಪನೇ ಕೂತು ಬರ್ಕೊಟ್ಟಿದ್ರಂತೆ.