ಟ್ರ್ಯಾಕ್ಟರ್ ಮೇಲೆ 9 ಅಡಿ ಮೆಣಸಿನಕಾಯಿ: ರಾಜ್ಯೋತ್ಸವಕ್ಕೆ ರೂಪಕ ಕಟ್ಟುವ ಬಗೆ

ನವೆಂಬರ್ 1ರ ಮೆರವಣಿಗೆಗೆ ನಿಮ್ಮ ಶಾಲೆಯದೋ ಓಣಿಯದೋ ಒಂದು ರೂಪಕ, ಅಂದರೆ ಗಾಡಿಯ ಮೇಲಿನ ಸ್ತಬ್ಧಚಿತ್ರ, ಕಟ್ಟಬೇಕು ಅಂತ ತೀರ್ಮಾನ ಆಗಿದೆಯಾ? ಹಾಗಾದರೆ ಮೊದಲು ಚಪ್ಪಲಿ ಮೆಟ್ಟಿಕೊಂಡು ಮೆರವಣಿಗೆಯ ದಾರಿ ನೋಡಿ ಬನ್ನಿ. ಏನು ಕಟ್ಟಬೇಕು, ಎಷ್ಟು ಖರ್ಚು ಅನ್ನೋದೆಲ್ಲ ಆಮೇಲೆ.

ನಾನು ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಮಕ್ಕಳನ್ನು ಕಟ್ಟಿಕೊಂಡು ಟ್ರ್ಯಾಕ್ಟರ್ ಟ್ರೇಲರ್ ಮೇಲೆ ರೂಪಕ ಕಟ್ಟುವುದು ನನಗೆ ಬಹಳ ಪ್ರೀತಿಯ ಕೆಲಸ. ಶೆಡ್ಡಿನಲ್ಲಿ ಚಂದ ಕಾಣುವ ರೂಪಕ ಬೇರೆ, ಬೀದಿಯಲ್ಲಿ ಕ್ಷೇಮವಾಗಿ ಸಾಗುವ ರೂಪಕ ಬೇರೆ. ಅದನ್ನು ತೀರ್ಮಾನ ಮಾಡುವುದು ಎರಡೇ ಸಂಗತಿ: ಮೇಲಿನ ತಂತಿ ಮತ್ತು ಗಾಳಿ. ಈ ಎರಡನ್ನು ಮನಸ್ಸಿನಲ್ಲಿಟ್ಟುಕೊಂಡೇ ಇಲ್ಲಿರುವುದನ್ನೆಲ್ಲ ಓದಿ.

ದುರ್ಗದ ಬೈಲ್, ಬ್ರಾಡ್‌ವೇ, ಕೊಪ್ಪಿಕರ್ ರಸ್ತೆ, ಅತ್ತ ಧಾರವಾಡದ ಸುಭಾಸ ರಸ್ತೆ, ಎಲ್ಲ ಕಡೆ ತಲೆ ಎತ್ತಿ ನಡೆಯಿರಿ. ಕರೆಂಟ್ ತಂತಿ, ಕೇಬಲ್ಲು, ಅಂಗಡಿಯ ತಗಡಿನ ಚಪ್ಪರ, ಬ್ಯಾನರ್ ಕಟ್ಟಿದ ಹಗ್ಗ, ಸ್ವಾಗತ ಕಮಾನು ಎಲ್ಲವನ್ನೂ ಬರೆದುಕೊಳ್ಳಿ. ತಂತಿಯ ಎತ್ತರ ನೋಡಲು ಗಳ ಎತ್ತಿ ಅಳೆಯುವ ಸಾಹಸ ಮಾತ್ರ ಬೇಡವೇ ಬೇಡ. ಹಸಿ ಬಿದಿರಿನಲ್ಲೂ ಕರೆಂಟ್ ಹರಿಯುತ್ತದೆ. ಚಿತ್ರಕಾರರು ಮಾಡುವ ಹಾಗೆ ಮಾಡಿ. ಸರಿಯಾಗಿ 5 ಅಡಿ ಎತ್ತರದ ಹುಡುಗನನ್ನು ತಂತಿಯ ನೇರ ಕೆಳಗೆ, ರಸ್ತೆ ಅಂಚಿಗೆ ನಿಲ್ಲಿಸಿ. ನೀವು ಸಾಕಷ್ಟು ದೂರ ನಿಂತು, ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ ಪೆನ್ಸಿಲ್ ಹಿಡಿಯಿರಿ. ಪೆನ್ಸಿಲಿನ ತುದಿಯಿಂದ ಹೆಬ್ಬೆರಳಿನವರೆಗೆ ಹುಡುಗನ ಎತ್ತರ ಹಿಡಿದುಕೊಳ್ಳಿ. ಅದೇ ಅಳತೆ ನೆಲದಿಂದ ತಂತಿಯವರೆಗೆ ಎಷ್ಟು ಸಲ ಕೂಡುತ್ತದೆ ನೋಡಿ. ಮೂರು ಸಲ ಕೂಡಿದರೆ ಸುಮಾರು 15 ಅಡಿ. ಅಂದಾಜಿಗೆ ಇಷ್ಟು ಸಾಕು. ಗಟ್ಟಿ ಮಾಡಿಕೊಳ್ಳಲು ಕರೆಂಟ್ ಕಂಪನಿ ಹೆಸ್ಕಾಂನ ಸೆಕ್ಷನ್ ಆಫೀಸಿಗೆ ಅರ್ಜಿ ಕೊಟ್ಟು ಲೈನ್‌ಮನ್ ಅಣ್ಣನ ಜೊತೆ ದಾರಿ ನೋಡಿ. ಪೊಲೀಸ್ ಠಾಣೆಯ ಪರವಾನಗಿಗೆ ಓಡಾಡುವಾಗ ಇದನ್ನೂ ಮುಗಿಸಿಬಿಡಿ.

ನನ್ನ ಮಿತಿ ರಸ್ತೆಯಿಂದ 12 ಅಡಿ. ಟ್ರೇಲರಿನ ಹಲಗೆಯೇ ನೆಲದಿಂದ ಮೂರು, ಮೂರೂವರೆ ಅಡಿ ಎತ್ತರ ಇರುತ್ತದೆ. ಹಾಗಾಗಿ ರೂಪಕಕ್ಕೆ ಸಿಗುವುದು ಎಂಟು ಅಡಿ ಚಿಲ್ಲರೆ. ಇದು ಕಡಿಮೆ ಆಯಿತು ಅಂತ ಮಕ್ಕಳು ಮುಖ ಸಣ್ಣ ಮಾಡಿದರೆ ನಾನು ನ್ಯೂಯಾರ್ಕಿನ ಕಥೆ ಹೇಳುತ್ತೇನೆ. ಅಲ್ಲಿ ಮೇಸೀಸ್ ಅನ್ನುವ ದೊಡ್ಡ ಅಂಗಡಿಯವರು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ಅಂದರೆ ನವೆಂಬರಿನ ನಾಲ್ಕನೇ ಗುರುವಾರ, ಭಾರಿ ಮೆರವಣಿಗೆ ತೆಗೆಯುತ್ತಾರೆ. ಶುರುವಾಗಿದ್ದು 1924ರಲ್ಲಿ, ನಮ್ಮ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದ ವರ್ಷ. ಅವರ ರೂಪಕಗಳು ತಯಾರಾಗುವುದು ನದಿಯ ಆಚೆ, ನ್ಯೂಜೆರ್ಸಿಯಲ್ಲಿ. ಊರೊಳಗೆ ಬರಲು ಲಿಂಕನ್ ಟನಲ್ ಎಂಬ ಸುರಂಗ ದಾಟಬೇಕು. ಅದಕ್ಕೇ ಎಷ್ಟೇ ದೊಡ್ಡ ರೂಪಕ ಇರಲಿ, ಮಡಚಿದಾಗ ಹನ್ನೆರಡೂವರೆ ಅಡಿ ಎತ್ತರ, 8 ಅಡಿ ಅಗಲದೊಳಗೆ ಕೂರಬೇಕು ಅನ್ನುವುದು ನಿಯಮ. ಅಷ್ಟು ದುಡ್ಡಿರುವವರೇ ದಾರಿಗೆ ತಕ್ಕಂತೆ ಮಡಚುತ್ತಾರೆ ಅಂದಮೇಲೆ ನಾವೂ ಮಡಚೋಣ ಅಲ್ವಾ. ಹಿಂದಿನ ಪರದೆಗೆ, ಮೇಲಿನ ಕಿರೀಟಕ್ಕೆ, ಬಾವುಟದ ಕೋಲಿಗೆ ಬಿಜಾಗರಿ ಹಾಕಿ. ತಂತಿ ಬಂದಲ್ಲಿ ಮಲಗಿಸಿ, ದಾಟಿದ ಮೇಲೆ ಎಬ್ಬಿಸಿ.

ಇನ್ನು ವಿಷಯ. ಒಂದು ರೂಪಕಕ್ಕೆ ಒಂದೇ ವಿಷಯ ಇರಲಿ. ಜನ ನಿಮ್ಮ ಟ್ರೇಲರನ್ನು ನೋಡುವುದು ಅರ್ಧ ನಿಮಿಷ. ನಾಡದೇವಿ, ಚೆನ್ನಮ್ಮ, ಬಸವಣ್ಣ, ಬೇಂದ್ರೆ ಎಲ್ಲರನ್ನೂ ಒಂದೇ ಗಾಡಿಯಲ್ಲಿ ಕೂರಿಸಿದರೆ ಯಾರೂ ಯಾರನ್ನೂ ಸರಿಯಾಗಿ ನೋಡುವುದಿಲ್ಲ. ಗದಗಿನವರಿಗೆ ವೀರನಾರಾಯಣ ಗುಡಿಯ ಕಂಬಕ್ಕೆ ಒರಗಿ ಬರೆಯುತ್ತಿರುವ ಕುಮಾರವ್ಯಾಸ ಇದ್ದಾನೆ. ಒಂದು ಕಂಬ, ಒಬ್ಬ ಕವಿ, ಮುಗಿಯಿತು. ಹುಬ್ಬಳ್ಳಿಯವರಿಗೆ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಹೊಲಿಯುವ ಖಾದಿ ಕೇಂದ್ರ ಇದೆ. ಅದನ್ನು ಆರಿಸಿಕೊಂಡರೆ ಚರಕ, ಮಗ್ಗ ತೋರಿಸಿ. ಧ್ವಜವನ್ನು ಮಾತ್ರ ಗಾಡಿಗೆ ಹೊದಿಸಬೇಡಿ, ಧ್ವಜ ಸಂಹಿತೆ ಅದಕ್ಕೆ ಒಪ್ಪುವುದಿಲ್ಲ. ಇಲ್ಲಿ ನಾನು ಹೇಳಿಕೊಡುವುದು ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ. ದೂರದಿಂದಲೇ ಗುರುತು ಸಿಗುತ್ತದೆ, ಬಣ್ಣ ಹೊಡೆದು ಕಾಣುತ್ತದೆ, ಮಕ್ಕಳಿಗೂ ಖುಷಿ. 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕ ಬೆಳೆ ಅನ್ನುವ ಹೆಮ್ಮೆಯೂ ಇದೆ.

ದಸರಾ ಮುಗಿದ ಕೂಡಲೇ ಕೆಲಸ ಶುರು ಮಾಡಿ. ನಡುವೆ ದೀಪಾವಳಿ ಬಂತೆಂದರೆ ಟೇಲರೂ ಸಿಗುವುದಿಲ್ಲ, ವೆಲ್ಡರೂ ಸಿಗುವುದಿಲ್ಲ. ಅಕ್ಟೋಬರ್ ಮಳೆ ಹಿಡಿದರೆ ಕಾಗದ ಒಣಗುವುದಿಲ್ಲ.

ಟ್ರೇಲರ್ ಗೊತ್ತು ಮಾಡಿದ ದಿನವೇ ಟೇಪ್ ಹಿಡಿದು ಅಳೆಯಿರಿ. ಸಾಮಾನ್ಯವಾಗಿ 10–12 ಅಡಿ ಉದ್ದ, 6 ಅಡಿ ಅಗಲ ಇರುತ್ತದೆ, ಆದರೆ ಪ್ರತಿ ಗಾಡಿಯೂ ಬೇರೆ. ಹಲಗೆಗೆ ಮೊಳೆ ಹೊಡೆಯಬೇಡಿ. ಚೌಕ ಪೈಪಿನ ಒಂದು ಚೌಕಟ್ಟು ಮಾಡಿಸಿ ಒಳಗೆ ಇಳಿಸಿ, ನಾಲ್ಕೂ ಮೂಲೆಯಲ್ಲಿ ಟ್ರೇಲರಿನ ಕೊಂಡಿಗೆ ಬಿಗಿಯಿರಿ. ನಮ್ಮ ಓಣಿಯ ವೆಲ್ಡಿಂಗ್ ಕಾಕಾ ಒಂದು ಮಾತು ಹೇಳುತ್ತಾರೆ: "ಸರ್, ಗಾಡಿ ಬ್ರೇಕ್ ಹಾಕಿದಾಗ ನಿಮ್ಮ ರೂಪಕ ಮುಂದೆ ಹೋಗಬಾರದು, ಅಷ್ಟ ನೋಡ್ರಿ." ಅದಕ್ಕೇ ಮುಂದಿನ ಎರಡು ಕಾಲಿಗೆ ಓರೆಯಾಗಿ ಆಂಗಲ್ ಕೊಡಿಸಿ. ಮರಳಿನ ಚೀಲಗಳನ್ನು ಕೆಳಗಿಡಿ. ಭಾರ ಕೆಳಗಿದ್ದಷ್ಟೂ ಒಳ್ಳೆಯದು.

ಈಗ ಮೆಣಸಿನಕಾಯಿ. ಛತ್ರಿಗೆ ಬಳಸುವಂಥ ಕೆಂಪು ನೈಲಾನ್ ಬಟ್ಟೆ ತನ್ನಿ. 11 ಅಡಿ ಉದ್ದದ ಆರು ಪಟ್ಟಿ ಕತ್ತರಿಸಬೇಕು. ಹೊಟ್ಟೆ ದಪ್ಪ 3 ಅಡಿ ಬರಬೇಕೆಂದರೆ ಸುತ್ತಳತೆ ಸುಮಾರು 113 ಇಂಚು. ಆರರಿಂದ ಭಾಗಿಸಿದರೆ ಪ್ರತಿ ಪಟ್ಟಿ 19 ಇಂಚು. ಹೊಲಿಗೆಗೆ ಒಂದು ಇಂಚು ಸೇರಿಸಿ 20 ಮಾಡಿ. ತೊಟ್ಟಿನ ಕಡೆ 6 ಇಂಚಿನಿಂದ ಶುರು ಮಾಡಿ, ಒಂದೂವರೆ ಅಡಿಗೆ 20 ಇಂಚು ತಲುಪಿಸಿ. ಆಮೇಲೆ ಇಳಿಸುತ್ತಾ ಹೋಗಿ: 5 ಅಡಿಯಲ್ಲಿ 14, 8 ಅಡಿಯಲ್ಲಿ 8, ತುದಿಯಲ್ಲಿ 2 ಇಂಚು. ಮೊದಲು ಹಳೇ ಪೇಪರ್ ಅಂಟಿಸಿ ಒಂದು ಪಟ್ಟಿಯ ಅಚ್ಚು ಮಾಡಿ, ಅದನ್ನೇ ಆರು ಸಲ ಇಟ್ಟು ಗೆರೆ ಎಳೆಯಿರಿ.

ಹೀಗೇ ಹೊಲಿದು ಗಾಳಿ ತುಂಬಿದರೆ ನುಣ್ಣಗಿನ ಕೆಂಪು ಗಜ್ಜರಿ ಬರುತ್ತದೆ. ಬ್ಯಾಡಗಿಯ ಗುರುತೇ ಅದರ ಸುಕ್ಕು. ಸುಕ್ಕು ತರಲು ಪ್ರತಿ ಹೊಲಿಗೆಯ ಒಳಗೆ ಬಟ್ಟೆಗಿಂತ ಗಿಡ್ಡದಾದ ಹತ್ತಿಯ ನಾಡಾ ಇಟ್ಟು ಹೊಲಿಯಬೇಕು. 11 ಅಡಿ ಬಟ್ಟೆಯನ್ನು 9 ಅಡಿ ನಾಡಾಕ್ಕೆ ಕೂಡಿಸುವುದು, ಪರಕಾರಕ್ಕೆ ನೆರಿಗೆ ಹಿಡಿದ ಹಾಗೆ. ಬಟ್ಟೆಯಲ್ಲಿ ಪ್ರತಿ 11 ಇಂಚಿಗೆ, ನಾಡಾದಲ್ಲಿ ಪ್ರತಿ 9 ಇಂಚಿಗೆ ಚಾಕ್‌ಪೀಸಿನಿಂದ ಗುರುತು ಹಾಕಿ. ಗುರುತಿಗೆ ಗುರುತು ಕೂಡಿಸಿ ಪಿನ್ ಚುಚ್ಚಿ. ನಡುವಿನ ಬಟ್ಟೆ ತಾನಾಗಿ ನೆರಿಗೆ ಬೀಳುತ್ತದೆ. ಎಲಾಸ್ಟಿಕ್ ಬೇಡ. ಗಾಳಿ ತುಂಬಿದ ಕೂಡಲೇ ಅದು ಹಿಗ್ಗಿ ಸುಕ್ಕೆಲ್ಲ ಮಾಯ ಆಗುತ್ತದೆ. ಒಂದು ಮಗ್ಗುಲಿನ ಎರಡು ಹೊಲಿಗೆಗೆ ಮಾತ್ರ ನಾಡಾ 8 ಅಡಿ ಮಾಡಿ. ಗಾಳಿ ತುಂಬಿದಾಗ ಮೆಣಸಿನಕಾಯಿ ಆ ಕಡೆ ಬಾಗುತ್ತದೆ. ಆ ಬಾಗು ಬಂದ ಕ್ಷಣ ಮಕ್ಕಳು ಕೂಗುವ ಕೂಗು ಕೇಳಬೇಕು ನೀವು!

ಹೊಲಿಗೆ ಎರಡು ಸಲ ಓಡಿಸಿ. ತೊಟ್ಟಿನ ಹತ್ತಿರ ಕೆಳಗಡೆ ಬ್ಲೋವರ್ ಬಾಯಿಗೆ ಕೂರುವಷ್ಟು ಅಗಲದ, 3 ಅಡಿ ಉದ್ದದ ಬಟ್ಟೆಯ ತೋಳು ಬಿಡಿ. ಜಾಹೀರಾತಿನ ಗಾಳಿ ಗೊಂಬೆಗಳಿಗೆ ಹಾಕುವ ಸಣ್ಣ ಬ್ಲೋವರ್ ಬಾಡಿಗೆಗೆ ತನ್ನಿ. ಸೂಜಿ ತೂತಿನಿಂದ ಗಾಳಿ ಸೋರುತ್ತಲೇ ಇರುತ್ತದೆ, ಅದರಿಂದ ತೊಂದರೆ ಇಲ್ಲ, ಬ್ಲೋವರ್ ಓಡುತ್ತಲೇ ಇರಬೇಕು. ಜನರೇಟರನ್ನು ಟ್ರೇಲರಿನ ತೀರಾ ಹಿಂದಕ್ಕೆ ಇಟ್ಟು ಹೊಗೆ ಹೊರಗೆ ಹೋಗುವಂತೆ ತಿರುಗಿಸಿ. ಬಿಸಿ ಇದ್ದಾಗ ಪೆಟ್ರೋಲ್ ಹಾಕಬೇಡಿ. ಮೆಣಸಿನಕಾಯಿ ಮಲಗಲು ಮೇದಾರ ಓಣಿಯವರಿಂದ ಬಿದಿರಿನ ಒಂದು ತೊಟ್ಟಿಲು ಹೆಣೆಸಿ. ತೊಟ್ಟಿನ ಕಡೆ ತಗ್ಗು, ತುದಿಯ ಕಡೆ ಎತ್ತರ ಇರಲಿ. ಸಿಗುರು ಬಟ್ಟೆ ಹರಿಯದಂತೆ ಗೋಣಿತಟ್ಟು ಸುತ್ತಿ.

ಗ್ಯಾಸ್ ತುಂಬಿ ಹಾರಿಸಬಹುದಲ್ಲಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಒಂದು ಘನ ಮೀಟರ್ ಹೀಲಿಯಂ ಎತ್ತುವುದು ಸುಮಾರು ಒಂದು ಕಿಲೋ ಭಾರ ಮಾತ್ರ. ನಮ್ಮ ಮೆಣಸಿನಕಾಯಿಯೊಳಗೆ ಅಷ್ಟು ಜಾಗವೂ ಇಲ್ಲ. ಅಗ್ಗಕ್ಕೆ ಸಿಗುತ್ತದೆ ಅಂತ ಹೈಡ್ರೋಜನ್ ತುಂಬಿಸಬೇಡಿ. ಪಟಾಕಿ, ಆರತಿ, ಬೀಡಿಯ ಒಂದು ಕಿಡಿ ಸಾಕು. ಮೇಸೀಸ್‌ನವರೂ 1927ರಲ್ಲಿ ಮೊದಲ ದೊಡ್ಡ ಬಲೂನ್, ಫೆಲಿಕ್ಸ್ ಎಂಬ ಬೆಕ್ಕು, ತಂದಾಗ ಬರೀ ಗಾಳಿ ತುಂಬಿ ಕೋಲುಗಳ ಮೇಲೆ ಎತ್ತಿಕೊಂಡು ಹೋಗಿದ್ದರು. ಹೀಲಿಯಂ ಬಂದದ್ದು ಮರುವರ್ಷ. ಅದನ್ನೆಲ್ಲ ರೂಪಿಸಿದ ಟೋನಿ ಸಾರ್ಗ್ ಸೂತ್ರದ ಗೊಂಬೆ ಆಡಿಸುವವನು. ಗೊಂಬೆಗೆ ದಾರ ಮೇಲಿನಿಂದ, ಬಲೂನಿಗೆ ಕೆಳಗಿನಿಂದ. ನಮ್ಮ ಗಾರುಡಿ ಗೊಂಬೆಯಲ್ಲಿ ಮನುಷ್ಯ ಒಳಗೇ ಹೊಕ್ಕು ಹೊತ್ತು ಕುಣಿಯುತ್ತಾನೆ. ಎಷ್ಟು ಹಳೆಯ, ಎಷ್ಟು ಗಟ್ಟಿ ವಿದ್ಯೆ ಅದು! ನಿಮ್ಮ ಮೆರವಣಿಗೆಗೆ ಒಂದು ಜೋಡಿಯನ್ನಾದರೂ ಕರೆಸಿ, ಸರಿಯಾದ ಸಂಭಾವನೆ ಕೊಡಿ.

ಗಾಳಿಯ ಲೆಕ್ಕ ಮಕ್ಕಳಿಗೂ ಕಲಿಸಿ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ತಳ್ಳು ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 36 ಕಿ.ಮೀ. ಗಾಳಿ ಚಪ್ಪಟೆ ಹಲಗೆಯ ಪ್ರತಿ ಚದರ ಮೀಟರಿಗೆ ಸುಮಾರು 7 ಕಿಲೋ ಭಾರದಷ್ಟು ತಳ್ಳುತ್ತದೆ. ಅಂದರೆ 6 ಅಡಿಗೆ 8 ಅಡಿಯ ಪರದೆಯ ಮೇಲೆ 30 ಕಿಲೋ. ಅದಕ್ಕೇ ಹಿಂದಿನ ಪರದೆಗೆ ಪ್ಲೈವುಡ್ ಬೇಡ. ಬಿದಿರಿನ ಚೌಕಟ್ಟಿಗೆ ಬಲೆ ಬಟ್ಟೆ ಕಟ್ಟಿ, ಅದರ ಮೇಲೆ ಚಿತ್ರ ಬರೆಯಿರಿ. ನ್ಯೂಯಾರ್ಕಿನಲ್ಲಿ 1997ರಲ್ಲಿ ಜೋರು ಗಾಳಿಗೆ ಒಂದು ದೊಡ್ಡ ಬಲೂನ್ ದೀಪದ ಕಂಬಕ್ಕೆ ಬಡಿದು, ಕಂಬದ ತುಂಡು ಬಿದ್ದು ಜನರಿಗೆ ಗಾಯವಾಯಿತು. ಈಗ ಅಲ್ಲಿ ಗಂಟೆಗೆ 37 ಕಿ.ಮೀ. ಗಾಳಿ ಒಂದೇ ಸಮ ಬೀಸಿದರೆ, ಇಲ್ಲವೇ 55 ಕಿ.ಮೀ. ಹೊಡೆತ ಬಂದರೆ ದೊಡ್ಡ ಬಲೂನ್ ಹಾರಿಸುವ ಹಾಗಿಲ್ಲ. ನಾವು ಅದಕ್ಕಿಂತ ಬೇಗ ಸೋಲೊಪ್ಪೋಣ. ಮರದ ಸಣ್ಣ ಟೊಂಗೆಗಳು ತೂಗಾಡಿ ದೂಳು, ಕಾಗದ ಮೇಲೆದ್ದರೆ ಪರದೆ ಮಲಗಿಸಿ. ಎಲೆ ತುಂಬಿದ ಸಣ್ಣ ಮರಗಳು ಓಲಾಡಲು ಶುರುವಾಯಿತು ಅಂದರೆ ಬ್ಲೋವರ್ ಬಂದ್ ಮಾಡಿ ಮೆಣಸಿನಕಾಯಿ ಇಳಿಸಿಬಿಡಿ.

ಮೆಣಸಿನಕಾಯಿ ಮುಂದೆ ಕಾಯಿ ಆರಿಸುತ್ತಾ ಕೂತ ಒಬ್ಬ ರೈತಮ್ಮನ ಗೊಂಬೆ ಇದ್ದರೆ ರೂಪಕ ಪೂರ್ತಿಯಾಗುತ್ತದೆ. ಬಿದಿರ ದಬ್ಬೆಯ ಗೂಡು ಕಟ್ಟಿ, ಮೈದಾ ಅಂಟಿನಲ್ಲಿ ಪೇಪರ್ ಅದ್ದಿ ನಾಲ್ಕೈದು ಪದರ ಅಂಟಿಸಿ. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿದರೆ ಹುಳ ಬರುವುದಿಲ್ಲ. ಅದು ವಿಷ, ಅದನ್ನು ಕಲಸುವ ಕೆಲಸ ದೊಡ್ಡವರೇ ಮಾಡಲಿ. ಇಲಕಲ್ ಸೀರೆ ಮಾತ್ರ ನಿಜದ್ದೇ ಉಡಿಸಿ. ಸುತ್ತ ಚೀಲಗಳಲ್ಲಿ ಭತ್ತದ ಹೊಟ್ಟು ತುಂಬಿ, ಮೇಲೆ ಕೆಂಪು ಬಟ್ಟೆಯ ಕಾಯಿ ಅಂಟಿಸಿ. ನಿಜವಾದ ಒಣಮೆಣಸಿನಕಾಯಿ ರಾಶಿ ಹಾಕಬೇಡಿ. ಬೀಜ, ಘಾಟು ಗಾಳಿಗೆ ಎದ್ದರೆ ಹಿಂದಿನ ಡೊಳ್ಳಿನವರಿಗೆ, ಜಗ್ಗಲಗಿಯವರಿಗೆ ಕಣ್ಣು ಬಿಡಲಾಗುವುದಿಲ್ಲ.

ಗಾಡಿಯ ಮೇಲೆ ನಾಲ್ಕು ಮಕ್ಕಳಿಗಿಂತ ಜಾಸ್ತಿ ಬೇಡ. ಎಲ್ಲರೂ ಕೂತೇ ಇರಲಿ, ಅಂಚಿನಿಂದ ಎರಡು ಅಡಿ ಒಳಗೆ. ನಿಂತ ಪಾತ್ರ ಬೇಕೇ ಬೇಕು ಅಂದರೆ ಸೊಂಟದ ಎತ್ತರಕ್ಕೆ ಪೈಪಿನ ಹಿಡಿಕೆ ಇರಲಿ, ಸೀರೆ, ಪಂಚೆಯ ಮರೆಯಲ್ಲಿ ಅದು ಕಾಣುವುದಿಲ್ಲ. ಒಂದು ತಾಸಿಗೊಮ್ಮೆ ಮಕ್ಕಳನ್ನು ಬದಲಿಸಿ. ಟೋಪಿ, ನೀರು, ಬೆಲ್ಲ-ಶೇಂಗಾ ಇಟ್ಟುಕೊಳ್ಳಿ. ದಾರಿಯಲ್ಲಿ ಹೆಣ್ಣುಮಕ್ಕಳು ಬಾತ್‌ರೂಮಿಗೆ ಹೋಗಲು ಯಾವ ಶಾಲೆ, ಯಾವ ಪರಿಚಯದ ಮನೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಇದನ್ನು ಯಾರೂ ಯೋಚಿಸುವುದಿಲ್ಲ, ಆದರೆ ಮಕ್ಕಳಿಗೆ ಬಹಳ ಮುಖ್ಯ.

ಆ ದಿನ ನಾಲ್ಕು ಮೂಲೆಗೆ ನಾಲ್ಕು ದೊಡ್ಡವರು ನಡೆಯಲಿ. ಒಬ್ಬರ ಕಣ್ಣು ಮೇಲಿನ ತಂತಿಯ ಮೇಲೆ, ಒಬ್ಬರದು ಚಕ್ರದ ಮೇಲೆ. ಡ್ರೈವರ್‌ಗೆ ಸೀಟಿಯ ಭಾಷೆ ಮೊದಲೇ ಹೇಳಿಕೊಡಿ: ಒಂದು ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು. ಡಿಜೆ ಗದ್ದಲದಲ್ಲಿ ಬಾಯಿಮಾತು ಕೇಳುವುದಿಲ್ಲ. ಟ್ರ್ಯಾಕ್ಟರ್ ಮತ್ತು ಟ್ರೇಲರ್ ನಡುವಿನ ಕೊಂಡಿಯ ಹತ್ತಿರ ಯಾರೂ ನುಸುಳದಂತೆ ಎರಡೂ ಬದಿ ಹಗ್ಗ ಕಟ್ಟಿ.

ಮುಗಿದ ಮೇಲೆ ನೈಲಾನ್ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ, ಬೇವಿನ ಸೊಪ್ಪು ಇಟ್ಟು ಸುತ್ತಿಡಿ, ವರ್ಷಗಟ್ಟಲೆ ಬರುತ್ತದೆ. ಟ್ರೇಲರನ್ನು ಅವತ್ತೇ ತೊಳೆದು ಕೊಡಿ. ಕೊಡುವ ಮುಂಚೆ ವೆಲ್ಡಿಂಗ್ ಕಾಕಾನ ಅಂಗಡಿಯಿಂದ ದೊಡ್ಡ ಮ್ಯಾಗ್ನೆಟ್ ತಂದು ಹಲಗೆಯ ಮೇಲೆಲ್ಲ ಎಳೆಯಿರಿ. ಅದು ಗೋವಿನಜೋಳದ ಸುಗ್ಗಿ ಕಾಲ, ಮರುದಿನವೇ ರೈತರು ಅದರಲ್ಲಿ ಮಾಲು ತುಂಬುತ್ತಾರೆ. ಪಿನ್ನು, ತಂತಿ ಚೂರು ಒಂದೂ ಉಳಿಯಬಾರದು.