ಮಳೆ ಬಂದರೆ ಟ್ಯೂನ್ ತಪ್ಪುತ್ತಿದ್ದ 40 ಮೀಟರ್ ಕಾಯಿಲ್ ಡೈಪೋಲ್: ನನ್ನ ಅನುಭವ

ಹ್ಯಾಮ್ (ಹವ್ಯಾಸಿ) ರೇಡಿಯೋದ 40 ಮೀಟರ್ ಬ್ಯಾಂಡ್, ಅಂದರೆ ಸುಮಾರು 40 ಮೀಟರ್ ತರಂಗಾಂತರದ 7.1 ಮೆಗಾಹರ್ಟ್ಝ್‌ಗೆ ಪೂರ್ತಿ ಡೈಪೋಲ್ (ನಡುವೆ ಕೇಬಲ್ ಜೋಡಿಸುವ, ಎರಡು ಭುಜಗಳ ತಂತಿ ಆಂಟೆನಾ) ಎಂದರೆ ಸುಮಾರು 20 ಮೀಟರ್ ತಂತಿ. ಹುಬ್ಬಳ್ಳಿ-ಧಾರವಾಡದ ಬಹಳಷ್ಟು ಮನೆಗಳ ಮಾಳಿಗೆಯ ಮೇಲೆ ಅಷ್ಟು ಜಾಗ ಸಿಗದು. ಹಾಗಾಗಿ ಇದು 10 ಮೀಟರಿನದು: ಪ್ರತಿ ಭುಜ 5 ಮೀಟರ್, ಕಡಿಮೆಯಾದ ಉದ್ದವನ್ನು ಸರಿದೂಗಿಸಲು ಭುಜದ ನಟ್ಟನಡುವೆ ಸುಮಾರು 23 ಮೈಕ್ರೋಹೆನ್ರಿ (ಇಂಡಕ್ಟನ್ಸ್ ಅಳತೆ) ಕಾಯಿಲ್. 50 ಮಿ.ಮೀ. ಪಿವಿಸಿ ಪೈಪಿನ ಮೇಲೆ 1 ಚದರ ಮಿ.ಮೀ. ಮನೆ ವೈರಿಂಗ್ ತಂತಿಯನ್ನು ಒತ್ತಾಗಿ 30 ಸುತ್ತು ಸುತ್ತಿದರೆ ಅಷ್ಟು ಬರುತ್ತದೆ. ಒಂದು ಕಾಯಿಲ್‌ಗೆ 5 ಮೀಟರಿಗಿಂತ ತುಸು ಹೆಚ್ಚು ತಂತಿ ಇಟ್ಟುಕೊಳ್ಳಿ. ಭುಜದ ತಂತಿ ಜಗ್ಗುವ ಭಾರ ಅದನ್ನು ಕಟ್ಟುವ ಪೈಪಿನ ತೂತಿಗೆ ಬೀಳಬೇಕು, ಸುತ್ತುಗಳಿಗಲ್ಲ.

ಬಿಸಿಲಲ್ಲಿ ಸರಿಯಾಗಿದ್ದ ಆಂಟೆನಾ ಧಾರವಾಡದ ಜಿಟಿಜಿಟಿ ಮಳೆ ಹಿಡಿದೊಡನೆ ಕೆಳಗಿನ ಫ್ರೀಕ್ವೆನ್ಸಿಗೆ ಜಾರಿ, ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ಶಕ್ತಿ ಎಷ್ಟು ಹಿಂತಿರುಗುತ್ತದೆ ಎಂಬುದರ ಅಳತೆ) ಏರುತ್ತಿತ್ತು. ಸುತ್ತುಗಳ ನಡುವೆ ನಿಲ್ಲುವ ನೀರು ಕಾಯಿಲ್‌ನ ಕೆಪಾಸಿಟನ್ಸ್ (ವಿದ್ಯುದಾವೇಶ ಹಿಡಿದಿಡುವ ಗುಣ) ಹೆಚ್ಚಿಸುತ್ತದೆ, ಅದರಿಂದ ಫ್ರೀಕ್ವೆನ್ಸಿ ಇಳಿಯುತ್ತದೆ. ಗಿಡ್ಡ ಆಂಟೆನಾದ ಬ್ಯಾಂಡ್‌ವಿಡ್ತ್ (ಸರಿಯಾಗಿ ಕೆಲಸ ಮಾಡುವ ಫ್ರೀಕ್ವೆನ್ಸಿ ವ್ಯಾಪ್ತಿ) ಮೊದಲೇ ಕಿರಿದು, ಸ್ವಲ್ಪ ಜಾರಿದರೂ ಕೆಲಸ ಕೆಡುತ್ತದೆ.

ಕಾಯಿಲ್ ಮೇಲೆ 75 ಮಿ.ಮೀ. ಪೈಪಿನ ತುಂಡನ್ನು ಹೊದಿಸಿ, ಎರಡೂ ಕಡೆ ಕ್ಯಾಪ್ ಹಾಕಿ, ಕೆಳಬದಿಗೆ 5 ಮಿ.ಮೀ. ತೂತು ಕೊರೆದ ಮೇಲೆ ತೊಂದರೆ ನಿಂತಿತು. ಆ ತೂತು ಬೇಕೇಬೇಕು, ಇಲ್ಲದಿದ್ದರೆ ಒಳಗಿನ ತೇವ ಹೊರಗೆ ಹೋಗುವುದಿಲ್ಲ. ಹುಳಿ ವಾಸನೆಯ ಸಿಲಿಕೋನನ್ನು ತಾಮ್ರದ ಜೋಡಣೆಗೆ ಹಚ್ಚಬೇಡಿ, ತಾಮ್ರವನ್ನೇ ತಿನ್ನುತ್ತದೆ. ಕೊನೆಯ ಟ್ಯೂನಿಂಗ್ ಹೊದಿಕೆ ಹಾಕಿದ ಮೇಲೆಯೇ ಮಾಡಿ: ತುದಿ ತಂತಿಗಳನ್ನು ಎರಡೂ ಬದಿ ಸಮನಾಗಿ ಒಂದೊಂದು ಸೆಂ.ಮೀ. ಕತ್ತರಿಸುತ್ತ, ಪ್ರತಿ ಸಲ ಮೇಲೇರಿಸಿ ಅಳೆಯಿರಿ.